ನೆಲ್ಲಿಕಾಯಿ ಬೆರಿ ಅಲ್ಲ, ಬದನೆಕಾಯಿ ಬೆರಿ

(ಪರಿಸರ ದಿನದಂದು ಕೊಡಗಿನ ಗೋಣಿಕೊಪ್ಪದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದುಕೊಂಡಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ. ಮನೆಯಲ್ಲಿ ಕೂತು ಐದು ಅಂಶ ಬರೆದುಕೊಂಡು ಬಂದಿದ್ದೆ. ಆದರೆ ಒಳಗೆ ಬರುವಾಗ ವರಾಂಡದಲ್ಲಿ ಮಕ್ಕಳ ಚಿತ್ರಗಳನ್ನು ನೋಡಿ ಅಲ್ಲೇ ನಿಂತುಬಿಟ್ಟೆ.

ಚಿತ್ರಸ್ಪರ್ಧೆಯ ವಿಷಯ 'ನಮ್ಮ ಕಾಡಿನ ಹಣ್ಣು'. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಸ್ಟ್ರಾಬೆರಿ ಬಿಡಿಸಿದ್ದಾರೆ. ಕೆಂಪು ಮೈ, ಹಳದಿ ಚುಕ್ಕೆ, ತಲೆಗೆ ಹಸಿರು ಟೋಪಿ. ಚಂದ ಬಿಡಿಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಯಾವ ಬಾಣೆಯಲ್ಲಿ (ಗದ್ದೆಗೆ ಸೇರಿದ ಕಾಡುಜಾಗ), ಯಾವ ದೇವರಕಾಡಿನಲ್ಲಿ ಸ್ಟ್ರಾಬೆರಿ ಬಿಡುತ್ತದೆ ಹೇಳಿ?

ಒಂದು ಚಿತ್ರ ಮಾತ್ರ ಬೇರೆ ಥರ ಇದೆ. ಅದು ಕವಳೆ ಗಿಡ. ಹಣ್ಣು ಅಷ್ಟು ಚೆನ್ನಾಗಿ ಬಂದಿಲ್ಲ, ಕರಿ ಬೊಟ್ಟು ಇಟ್ಟ ಹಾಗಿದೆ. ಆದರೆ ಮುಳ್ಳು ನೋಡಿ. ತುದಿಯಲ್ಲಿ ಎರಡಾಗಿ ಕವಲೊಡೆದಿದೆ. ಕವಳೆಯ ಮುಳ್ಳು ಇರುವುದೇ ಹಾಗೆ. ಈ ಮುಳ್ಳು ಆ ಮಗುವಿನ ಕೈಗೆ ಚುಚ್ಚಿದೆ, ಅಂಗಿಗೆ ಸಿಕ್ಕಿದೆ. ಆ ಮಗು ಯಾರು ಅಂತ ನನಗೆ ಗೊತ್ತಿಲ್ಲ. ಇವತ್ತಿನ ನನ್ನ ಮಾತು ಆ ಮಗುವಿಗೆ.

ನಾನು ಬಹಳ ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಒಂದು ಬದನೆಕಾಯಿ, ಒಂದು ನೆಲ್ಲಿಕಾಯಿ ಮೇಜಿನ ಮೇಲಿಟ್ಟು, ಇದರಲ್ಲಿ ಬೆರಿ ಯಾವುದು ಅಂತ ಕೇಳುತ್ತಿದ್ದೆ. ಎಲ್ಲರೂ ನೆಲ್ಲಿಕಾಯಿ ತೋರಿಸುತ್ತಿದ್ದರು. ಗೂಸ್‌ಬೆರಿ ಅಲ್ವಾ ಮೇಡಂ? ಅಲ್ಲ. ನೆಲ್ಲಿಯೊಳಗೆ ಗಟ್ಟಿ ಗೊರಟಿದೆ, ಹಾಗಾಗಿ ಅದು ಬೆರಿ ಅಲ್ಲ. ಬದನೆಕಾಯಿ ಬೆರಿ. ಒಂದು ಹೂವಿನ ಒಂದೇ ಅಂಡಾಶಯ ಬೆಳೆದು ಪೂರ್ತಿ ತಿರುಳಾಗಿ, ಒಳಗೆ ಗೊರಟಿಲ್ಲದೆ ಬೀಜ ಕೂತರೆ ಅದು ಸಸ್ಯಶಾಸ್ತ್ರದ ಬೆರಿ. ಟೊಮೆಟೊ ಬೆರಿ, ಬಾಳೆಹಣ್ಣು ಬೆರಿ, ಸೀಬೆ, ಮೆಣಸಿನಕಾಯಿ ಎಲ್ಲವೂ ಬೆರಿ. ಆದರೆ ಹೆಸರಿನಲ್ಲೇ ಬೆರಿ ಇಟ್ಟುಕೊಂಡ ಸ್ಟ್ರಾಬೆರಿ ಬೆರಿ ಅಲ್ಲ. ಅದರ ಕೆಂಪು ಭಾಗ ಹೂವಿನ ಪೀಠ ಉಬ್ಬಿ ಆದದ್ದು. ಮಕ್ಕಳು ಬಿಡಿಸಿದ ಆ ಹಳದಿ ಚುಕ್ಕೆಗಳಿವೆಯಲ್ಲ, ನಿಜವಾದ ಹಣ್ಣುಗಳು ಅವೇ.

ನಮ್ಮ ಕಾಫಿಯನ್ನೇ ತೆಗೆದುಕೊಳ್ಳಿ. ಅದರ ಕಾಯಿ ಕೊರೆಯುವ ಹುಳಕ್ಕೆ ಬೆರಿ ಬೋರರ್ ಅನ್ನುತ್ತೇವೆ. ನಮ್ಮ ದೇಶದಲ್ಲಿ ಅದು 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಮೊದಲು ಕಾಣಿಸಿತು, ಆಮೇಲೆ ನಮ್ಮಲ್ಲಿಗೂ ಬಂತು. ಮೂಟೆಗೆ ರೇಟು ಕೇಳುವಾಗ ಚೆರಿ ಅನ್ನುತ್ತೇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕಾಫಿ ಬೆರಿಯೂ ಅಲ್ಲ, ಚೆರಿ ಅನ್ನೋದು ಬೇರೆಯೇ ಮರದ ಹಣ್ಣು. ಪಾರ್ಚ್‌ಮೆಂಟ್ ಅಂತ ಒಣಗಿಸುತ್ತೀರಲ್ಲ, ಆ ಬಿಳಿ ಸಿಪ್ಪೆಯೇ ಗೊರಟಿನ ಗೋಡೆ.

ಒಂದು ಹಣ್ಣಿಗೆ ಮೂರು ಥರ ಪ್ರಶ್ನೆ ಕೇಳಬಹುದು. ಇಂಗ್ಲಿಷ್ ಆಡುಮಾತು ಕೇಳುವುದು, ಎಷ್ಟು ದೊಡ್ಡದು? ಸಣ್ಣಗೆ ಉರುಟಾಗಿ ರಸ ಇದ್ದರೆ ಬೆರಿ. ಹಳೇ ಇಂಗ್ಲಿಷಿನಲ್ಲಿ ದ್ರಾಕ್ಷಿಗೂ ಬೆರಿ ಅಂತಲೇ ಹೇಳುತ್ತಿದ್ದರು. ಸಸ್ಯಶಾಸ್ತ್ರ ಕೇಳುವುದು, ಯಾವುದರಿಂದ ಆಯಿತು? ಕನ್ನಡ ಕೇಳುವುದು, ಯಾವಾಗ ತಿನ್ನೋದು? ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು. ಒಂದೇ ಗಿಡದಲ್ಲಿ ಮೇ ಮೊದಲ ವಾರ ಕವಳೆಕಾಯಿ, ಅದು ಉಪ್ಪಿನಕಾಯಿಗೆ. ಕೆಲವು ವಾರ ಬಿಟ್ಟರೆ ಕವಳೆಹಣ್ಣು, ಅದು ಬಾಯಿಗೆ. ನೆಲ್ಲಿ ಬಲಿತರೂ ನೆಲ್ಲಿಕಾಯಿ, ಯಾಕೆಂದರೆ ಅದು ಮೆತ್ತಗಾಗಲಿ ಅಂತ ಯಾರೂ ಕಾಯುವುದಿಲ್ಲ. ಹೆಸರಿನಲ್ಲೇ ಇದೆ, ಯಾವಾಗ ತಿನ್ನೋದು ಅಂತ.

ಹೆಸರು ಮಾತ್ರ ಅಲ್ಲ, ಕೆಲಸದ ಮಾತೂ ಹಾಗೇ. ಕಾಫಿ ಕುಯ್ಯುತ್ತೇವೆ, ನೆಲ್ಲಿ ಉದುರಿಸುತ್ತೇವೆ, ಕವಳೆ ಬಿಡಿಸುತ್ತೇವೆ, ನೇರಳೆ ಹೆಕ್ಕುತ್ತೇವೆ. ನೇರಳೆ ಕುಯ್ದೆ ಅಂತ ಯಾರಾದರೂ ಹೇಳಿದರೆ ಅವರು ಮರದ ಬುಡಕ್ಕೆ ಹೋದವರಲ್ಲ ಅಂತ ತಿಳಿದುಕೊಳ್ಳಿ.

ನೇರಳೆ ಅಂದ ಮೇಲೆ ಈ ಒಂದು ಕತೆ ಹೇಳಲೇಬೇಕು. ನನ್ನ ವಿದ್ಯಾರ್ಥಿಗಳು ಇಲ್ಲಿ ಕೆಲವರು ಇದ್ದೀರಿ, ಕೇಳಿರುತ್ತೀರಿ, ಇನ್ನೊಂದು ಸಲ ಕೇಳಿ. ನಮ್ಮ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ, ಎರವ ಬುಡಕಟ್ಟಿನ ಒಬ್ಬರು ಅಜ್ಜಿ ಇದ್ದರು. ಶಾಲೆಗೆ ರಜೆ ಬಂದರೆ ನಾನು ಅವರ ಹಿಂದೆ. ತೋಡಿನ (ಸಣ್ಣ ಹಳ್ಳ) ಆಚೆ ನೇರಳೆ ಮರಗಳಿದ್ದವು. ನಾನು ಕತ್ತು ನೋಯುವ ತನಕ ಮೇಲೆ ನೋಡುತ್ತಿದ್ದೆ, ಹಣ್ಣಾಗಿದೆಯಾ, ಹಣ್ಣಾಗಿದೆಯಾ ಅಂತ. ಅಷ್ಟು ಎತ್ತರದಲ್ಲಿ ಕಾಯಿ ಯಾವುದು, ಹಣ್ಣು ಯಾವುದು, ನೆರಳು ಯಾವುದು ಗೊತ್ತಾಗುವುದೇ ಇಲ್ಲ. ಅಜ್ಜಿ ನಕ್ಕರು. "ಮರ ಯಾಕೆ ನೋಡ್ತೀಯ ಕುಂಞಿ? ಕಲ್ಲು ನೋಡು."

ತೋಡಿನ ನಡುವೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಹಕ್ಕಿ ಹಿಕ್ಕೆ. ಅಜ್ಜಿ ಬಗ್ಗಿ ಒಂದೊಂದೇ ತೋರಿಸಿದರು. ಇದು ಬಿಳಿ, ಬೇರೆ ಏನೋ ತಿಂದದ್ದು. ಇದು ನೇರಳೆ ಬಣ್ಣ, ಆದರೆ ಒಣಗಿ ಮಾಸಿದೆ, ನಿನ್ನೆಯದು. ಇದು ನೋಡು. ಬೆರಳ ತುದಿ ಒತ್ತಿ ನನಗೆ ಹಿಡಿದರು. ಬೆರಳು ಊದಾ ಆಗಿತ್ತು. "ಹಸಿ ಇದೆ. ಇವತ್ತಿಂದು. ನಾಳೆ ಬೆಳಿಗ್ಗೆ ಬಾ, ಹಣ್ಣು ಕೆಳಗಿರ್ತದೆ." ಮಾರನೇ ದಿನ ಬೆಳಿಗ್ಗೆ ಮಂಜು ಬಿಡುವ ಮೊದಲೇ ಹೋದೆವು. ತರಗೆಲೆಯ ಮೇಲೆ ಹಣ್ಣು ಬಿದ್ದಿತ್ತು, ಮಣ್ಣು ತಾಗಿರಲಿಲ್ಲ. ಅಜ್ಜಿ ಸೆರಗು ಕಟ್ಟಿಕೊಂಡು ಹೆಕ್ಕಿದರು. ನಾನು ಲಂಗದಲ್ಲಿ ಹೆಕ್ಕಿದೆ. ಆ ಕಲೆ ಆಮೇಲೆ ಹೋಗಲೇ ಇಲ್ಲ. ಮುಂದೆ ಓದಿ ಡಿಗ್ರಿ ತೆಗೆದುಕೊಂಡೆ, ಹಣ್ಣು ಮಾಗುವ ಕಾಲದ ಬಗ್ಗೆ ಪಾಠವನ್ನೂ ಮಾಡಿದೆ. ಆದರೆ ಮಾಗಿದ ದಿನವನ್ನು ನೆಲ ನೋಡಿ ಹೇಳುವುದನ್ನು ನನಗೆ ಕಲಿಸಿದ್ದು ಆ ಅಜ್ಜಿ ಒಬ್ಬರೇ. ಮತ್ತೆ ಅದೇ ಪ್ರಶ್ನೆ, ನೋಡಿ: ಯಾವಾಗ?

ಇನ್ನೊಂದು, ನೆಕ್ಕರಿಕ. ಗದ್ದೆ ಬದಿಯಲ್ಲಿ ನೇರಳೆ ಬಣ್ಣದ ದೊಡ್ಡ ಹೂ ಬಿಡುವ ಪೊದೆ. ಹಣ್ಣು ತಾನಾಗಿ ಒಡೆದು ಒಳಗಿನ ಕಪ್ಪು ತಿರುಳು ಕಾಣಿಸುತ್ತದೆ. ತಿಂದು ಮನೆಗೆ ಬಂದರೆ ಅಮ್ಮ ಮೊದಲು ಹೇಳುತ್ತಿದ್ದ ಮಾತು, "ಬಾಯಿ ತೋರಿಸು." ನಾಲಿಗೆ ಕಪ್ಪು, ಸುಳ್ಳು ಹೇಳುವ ಹಾಗೇ ಇಲ್ಲ. ಈ ಗಿಡಕ್ಕೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಮೆಲಾಸ್ಟೊಮ ಮಲಬಾತ್ರಿಕಂ. ಮೆಲಾಸ್ಟೊಮ ಅಂದರೆ ಗ್ರೀಕ್‌ನಲ್ಲಿ ಕಪ್ಪು ಬಾಯಿ. ಕಾಲೇಜಿನಲ್ಲಿ ಇದನ್ನು ಮೊದಲ ಸಲ ಓದಿದ ದಿನ ಅಮ್ಮನಿಗೆ ಕಾಗದ ಬರೆದೆ.

ಕಚಂಪುಳಿ ಬಗ್ಗೆ ಈ ಸಭೆಗೆ ನಾನು ಹೇಳಿಕೊಡಬೇಕಾಗಿಲ್ಲ. ಪಂದಿಕರಿ (ನಮ್ಮ ಹಂದಿಮಾಂಸದ ಅಡುಗೆ) ತಿಂದವರೆಲ್ಲ ಅದನ್ನು ಬಲ್ಲರು. ಆದರೆ ಬಾಟಲಿಯಲ್ಲಿರುವ ಆ ಕಪ್ಪು ಹುಳಿ ಒಂದು ಕಾಡುಹಣ್ಣು ಅನ್ನೋದು ಮಕ್ಕಳಿಗೆ ಗೊತ್ತಾ? ಆ ಹಣ್ಣು ಪಣಪುಳಿ, ಮಳೆಗಾಲದಲ್ಲಿ ಉದುರುತ್ತದೆ. ಪುಟ್ಟ ಹಳದಿ ಕುಂಬಳಕಾಯಿಯ ಹಾಗೆ, ಮೈತುಂಬ ಗೀರು. ಹೆಕ್ಕಿ ಬುಟ್ಟಿಗೆ ತುಂಬಿ ಇಟ್ಟರೆ ರಸ ತೊಟ್ಟು ತೊಟ್ಟಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ದಿನಗಟ್ಟಲೆ ಇಳಿಯುತ್ತದೆ. ಆಮೇಲೆ ಅದನ್ನು ಕಾಯಿಸಿ ಕಾಯಿಸಿ ಇಂಗಿಸಬೇಕು. ಮನೆಯಿಡೀ ಹುಳಿ ಹೊಗೆ, ಕಣ್ಣು ಉರಿ. ಸಸ್ಯಶಾಸ್ತ್ರದ ಪ್ರಕಾರ ಪಣಪುಳಿ ಅಪ್ಪಟ ಬೆರಿ. ಆದರೂ ಅದನ್ನು ಯಾರೂ ಬೆರಿ ಅನ್ನುವುದಿಲ್ಲ, ಅನ್ನುವುದೂ ಬೇಡ. ಮಡಿಕೇರಿಯಲ್ಲಿ ಪ್ರವಾಸಿಗರಿಗೆ ಮಾರುವ ನೆಲ್ಲಿ ವೈನ್ ಬಾಟಲಿ ಮೇಲೆ ಗೂಸ್‌ಬೆರಿ ಅಂತ ಬರೆಯುತ್ತಾರೆ. ಯುರೋಪಿನ ಗೂಸ್‌ಬೆರಿಗೂ ನಮ್ಮ ನೆಲ್ಲಿಗೂ ಯಾವ ನಂಟೂ ಇಲ್ಲ. ಹಸಿರು, ಹುಳಿ, ಮೈಮೇಲೆ ಗೆರೆ, ಇಷ್ಟೇ ಹೋಲಿಕೆ. ನೆಲ್ಲಿ ಅಂತ ದೊಡ್ಡಕ್ಷರದಲ್ಲಿ ಬರೆಯಿರಿ, ಕೊಳ್ಳುವವರು ಕೇಳಿ ತಿಳಿದುಕೊಳ್ಳಲಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇಲ್ಲ, ಐದು ನಿಮಿಷ. ಬೇಗ ಹೇಳುತ್ತೇನೆ.

ಮಕ್ಕಳನ್ನು ಹೊರಗೆ ಕಳಿಸಿ ಅಂತ ನಾನು ಸುಮ್ನೆ ಹೇಳುವ ಹಾಗಿಲ್ಲ. ತೋಟದಲ್ಲೇ ಆನೆ ಇದೆ. ಆನೆ ಎಲ್ಲಿದೆ ಅಂತ ಬೆಳಿಗ್ಗೆ ವಾಟ್ಸಾಪ್ ನೋಡಿ ಮನೆಯಿಂದ ಹೊರಡುವ ಕಾಲ ಇದು. ಅದಕ್ಕೇ ಒಬ್ಬೊಬ್ಬರನ್ನೇ ಬಿಡಬೇಡಿ. ಬಿಸಿಲು ಏರಿದ ಮೇಲೆ, ದೊಡ್ಡವರು ಜೊತೆಗಿದ್ದು, ಮನೆ ಹತ್ತಿರದ ಬಾಣೆಗೆ ಕರೆದುಕೊಂಡು ಹೋಗಿ.

ಲಂಟಾನ ಬಗ್ಗೆ ಬರೆದುಕೊಂಡಿದ್ದೆ. ಅದರ ಕರಿ ಹಣ್ಣನ್ನು ಪಿಕಳಾರ ಹಕ್ಕಿ ತಿಂದು ಎಲ್ಲೆಲ್ಲೂ ಬಿತ್ತಿದೆ, ಕವಳೆಗೆ ಜಾಗವೇ ಉಳಿದಿಲ್ಲ. ಅದರ ಹಸಿರು ಕಾಯಿ ವಿಷ, ಮಕ್ಕಳಿಗೆ ತಿಳಿಸಿ. ಗುಲಗಂಜಿಯನ್ನಂತೂ ಬಾಯಿಗೆ ಹಾಕಲೇಬಾರದು.

ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ. ಕಾಡಿನ ಕಿರು ಉತ್ಪನ್ನ ಸಂಗ್ರಹಿಸುವುದು ಜೇನುಕುರುಬರ, ಎರವರ ಹಕ್ಕು. ನನಗೆ ಕಲ್ಲು ನೋಡಲು ಕಲಿಸಿದ ಅಜ್ಜಿಯ ಮೊಮ್ಮಕ್ಕಳ ಹಕ್ಕು. ಇದಕ್ಕೆ ಒಂದು ಇಡೀ ದಿನ ಬೇಕು, ಇನ್ನೊಮ್ಮೆ ಕರೆದರೆ ಖಂಡಿತ ಬರುತ್ತೇನೆ.

ಕೊನೆಗೆ ಒಂದು ಕೆಲಸ. ಹಿಂದಿನ ಮೇಜಿನ ಮೇಲೆ ಕಾಗದ, ಪೆನ್ನು ಇಟ್ಟಿದ್ದೇನೆ. ಚಹಾ ಕುಡಿಯುವ ಮೊದಲು ಒಬ್ಬೊಬ್ಬರೂ ಒಂದು ಹಣ್ಣಿನ ಹೆಸರು ಬರೆಯಿರಿ. ಕೊಡವ ತಕ್ಕ್, ಅರೆಭಾಷೆ, ಎರವ, ತುಳು, ಮಲಯಾಳ, ಯಾವುದಾದರೂ ಆಗಬಹುದು. ನಿಮ್ಮ ಅಜ್ಜಿ ಹೇಳುತ್ತಿದ್ದ ಹಾಗೇ ಬರೆಯಿರಿ. ಪಕ್ಕದಲ್ಲಿ ಯಾವ ತಿಂಗಳು ಅಂತ ಹಾಕಿ. ಕಾಯಿಯಾ ಹಣ್ಣಾ ಅಂತ ಹಾಕಿ. ಕವಳೆಯ ಚಿತ್ರ ಬಿಡಿಸಿದ ಮಗು ಇಲ್ಲೇ ಇದ್ದರೆ, ಮೊದಲ ಕಾಗದ ನಿನಗೆ ಇಟ್ಟಿದ್ದೇನೆ, ಬಾ.