ಕೊಡ ದೊಡ್ಡದಾದರೆ ಬಾವಿ ಹತ್ತಿರ ಬರುವುದಿಲ್ಲ

ನಮಸ್ಕಾರ. ಇಂದಿನ ಮಾತು ಬ್ಯಾಂಡ್‌ವಿಡ್ತ್, ಅಂದರೆ ಲೈನಿನ ಅಗಲ, ಮತ್ತು ಲೇಟೆನ್ಸಿ, ಅಂದರೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಇವೆರಡರ ವ್ಯತ್ಯಾಸದ ಬಗ್ಗೆ. ಅದನ್ನು ಒಂದು ಖಾಲಿ ಲಾಗ್ ಫೈಲಿನಿಂದ ಆರಂಭಿಸುತ್ತೇನೆ.

ಬೆಂಗಳೂರಿನ ಒಂದು ಸಗಟು ವ್ಯಾಪಾರ ಸಂಸ್ಥೆಯವರು ಕಚೇರಿಯ ಮೂಲೆಯ ಕೋಣೆಯಲ್ಲಿದ್ದ ಡೇಟಾಬೇಸನ್ನು ಮುಂಬೈನ ಕ್ಲೌಡ್‌ಗೆ ಸಾಗಿಸಿದ್ದರು. ಅಪ್ಲಿಕೇಶನ್ ಸರ್ವರ್ ಮಾತ್ರ ಬೆಂಗಳೂರಿನಲ್ಲಿಯೇ ಉಳಿದಿತ್ತು. ಅಲ್ಲಿಯವರೆಗೆ ಬಟನ್ ಒತ್ತಿದ ಕೂಡಲೇ ತೆರೆಯುತ್ತಿದ್ದ ಬಾಕಿ ಆರ್ಡರುಗಳ ಪಟ್ಟಿ ಮರುದಿನದಿಂದ ಹತ್ತು ಸೆಕೆಂಡು ತೆಗೆದುಕೊಳ್ಳತೊಡಗಿತು. ನೆಟ್‌ವರ್ಕ್ ಸಾಲುತ್ತಿಲ್ಲವೆಂದು ತೀರ್ಮಾನಿಸಿ ಅವರು ಲೀಸ್ಡ್ ಲೈನನ್ನು (ತಮಗೇ ಮೀಸಲಾದ ಬಾಡಿಗೆ ಸಂಪರ್ಕವನ್ನು) 100 ಎಂಬಿಪಿಎಸ್‌ನಿಂದ (ಸೆಕೆಂಡಿಗೆ ಮೆಗಾಬಿಟ್) 500ಕ್ಕೆ ಏರಿಸಿದರು. ಪಟ್ಟಿ ಆಗಲೂ ಹತ್ತು ಸೆಕೆಂಡೇ ತೆಗೆದುಕೊಂಡಿತು. ನನ್ನನ್ನು ಕರೆಸಿದಾಗ ನಾನು ಮೊದಲು ತೆರೆದದ್ದು ಅವರ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಲಾಗ್ ಅನ್ನು. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಓಡಿದ ಕ್ವೆರಿಗಳೆಲ್ಲ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳೆಲ್ಲ, ಅದರಲ್ಲಿ ದಾಖಲಾಗುವಂತೆ ಹೊಂದಿಸಲಾಗಿತ್ತು. ಅಲ್ಲಿ ಒಂದೂ ಇರಲಿಲ್ಲ.

ಡೇಟಾಬೇಸಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಸರಾಸರಿ 0.2 ಮಿಲಿಸೆಕೆಂಡಿನಲ್ಲಿ ಮುಗಿಯುವ ಒಂದು ಪುಟ್ಟ ಕ್ವೆರಿ ಇತ್ತು, ಅಷ್ಟೇ. ಆದರೆ ಅದನ್ನು ಎಷ್ಟು ಸಲ ಕರೆಯಲಾಗಿದೆ ಎಂಬ ಅಂಕಣದಲ್ಲಿ ಮಾತ್ರ ಲಕ್ಷಗಳ ಸಂಖ್ಯೆ ಕಾಣುತ್ತಿತ್ತು. ಅಪ್ಲಿಕೇಶನ್ ಮೊದಲು 400 ಆರ್ಡರುಗಳನ್ನು ಒಂದು ಕ್ವೆರಿಯಲ್ಲಿ ತರಿಸಿಕೊಂಡು, ಬಳಿಕ ಪ್ರತಿಯೊಂದು ಆರ್ಡರಿಗೂ ಗ್ರಾಹಕರ ಹೆಸರನ್ನು ಬೇರೆ ಬೇರೆಯಾಗಿ ಕೇಳುತ್ತಿತ್ತು, ಅದೂ ಒಂದರ ಉತ್ತರ ಬಂದ ಮೇಲೆಯೇ ಇನ್ನೊಂದನ್ನು. ಒಟ್ಟು 401 ಪ್ರಶ್ನೆಗಳು. ಇದನ್ನು ಬರೆದವರು ಯಾರೂ ಬೇಕೆಂದು ಹೀಗೆ ಬರೆದಿರಲಿಲ್ಲ. ಪ್ರೋಗ್ರಾಂ ಕೋಡಿನಿಂದ ಡೇಟಾಬೇಸ್ ಕ್ವೆರಿಗಳನ್ನು ತಾನೇ ಬರೆದುಕೊಡುವ ಒಆರ್‌ಎಂ ಎಂಬ ಅನುಕೂಲದ ಪದರ ಅವರ ಬೆನ್ನ ಹಿಂದೆ ಈ ಕೆಲಸ ಮಾಡುತ್ತಿತ್ತು.

ಕಚೇರಿಯ ಒಳಗಿನ ಜಾಲದಲ್ಲಿ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಮಿಲಿಸೆಕೆಂಡು ಸಾಕಾಗಿತ್ತು. 401 ಪ್ರಶ್ನೆಗಳಿಗೂ ಸೇರಿ 0.2 ಸೆಕೆಂಡು. ಮುಂಬೈಗೆ ಪಿಂಗ್ ಮಾಡಿ, ಅಂದರೆ ಹೋಗಿಬರುವ ಸಮಯ ಅಳೆದು ನೋಡಿದರೆ 25 ಮಿಲಿಸೆಕೆಂಡು. 401ನ್ನು 25ರಿಂದ ಗುಣಿಸಿ ನೋಡಿ, ಹತ್ತು ಸೆಕೆಂಡು ಮತ್ತು ಸ್ವಲ್ಪ ಚಿಲ್ಲರೆ. ಒಂದೊಂದು ಪ್ರಶ್ನೋತ್ತರಕ್ಕೆ 500 ಬೈಟ್ ಎಂದು ಹಿಡಿದರೂ ಅಷ್ಟೂ ಮಾತುಕತೆಯ ಗಾತ್ರ 200 ಕಿಲೋಬೈಟ್ ಮಾತ್ರ, ಅದು 100 ಎಂಬಿಪಿಎಸ್ ಲೈನಿನಲ್ಲಿ ದಾಟಲು ಬೇಕಾದದ್ದು 16 ಮಿಲಿಸೆಕೆಂಡು. ಅಂದರೆ ಆ ಹತ್ತು ಸೆಕೆಂಡಿನಲ್ಲಿ ಲೈನ್ ನಿಜವಾಗಿ ದುಡಿದದ್ದು 16 ಮಿಲಿಸೆಕೆಂಡು, ಮಿಕ್ಕದ್ದೆಲ್ಲ ಕಾಯುವಿಕೆ. 500 ಎಂಬಿಪಿಎಸ್‌ಗೆ ಏರಿಸಿದ್ದರಿಂದ ಉಳಿತಾಯವಾದದ್ದು ಸುಮಾರು 13 ಮಿಲಿಸೆಕೆಂಡು. ಬಾವಿ ಊರಾಚೆ ಇರುವಾಗ, ಪ್ರತಿ ಸಲವೂ ಒಂದೇ ಲೋಟ ನೀರು ತರುತ್ತಿರುವವರ ಕೈಗೆ ಐದು ಪಟ್ಟು ದೊಡ್ಡ ಕೊಡ ಕೊಟ್ಟಂತಾಯಿತು.

ಜನ ಈ ತಪ್ಪನ್ನು ಏಕೆ ಮಾಡುತ್ತಾರೆಂದರೆ, ಬ್ಯಾಂಡ್‌ವಿಡ್ತ್ ದುಡ್ಡು ಕೊಟ್ಟರೆ ಸಿಗುತ್ತದೆ, ಅದು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವ ಸಂಖ್ಯೆ. ಲೇಟೆನ್ಸಿ ಹಾಗಲ್ಲ, ಅದರಲ್ಲಿ ಬಹುಪಾಲು ಭೂಗೋಳ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ಹೆದ್ದಾರಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ 1000 ಕಿಲೋಮೀಟರ್ ಎಂದರೆ ಹೋಗಿಬರಲು 10 ಮಿಲಿಸೆಕೆಂಡು ಬೇಕೇ ಬೇಕು, ಅದರ ಮೇಲೆ ಕೇಬಲ್ಲಿನ ಸುತ್ತುಬಳಸು ದಾರಿ ಮತ್ತು ನಡುವಿನ ರೌಟರುಗಳದ್ದು. ಬಾಡಿಗೆ ಅಗ್ಗವೆಂದು ಡೇಟಾಬೇಸನ್ನು ಅಮೆರಿಕದ ವರ್ಜೀನಿಯಾದಲ್ಲಿ ಇಟ್ಟರೆ ಒಂದು ಪ್ರಶ್ನೆಗೆ 200 ಮಿಲಿಸೆಕೆಂಡು ಮೀರುವುದು ಸಾಮಾನ್ಯ, ಇದೇ ಪಟ್ಟಿ ಆಗ ಒಂದೂಕಾಲು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. 2010ರಲ್ಲಿ ಸ್ಪ್ರೆಡ್ ನೆಟ್‌ವರ್ಕ್ಸ್ ಎಂಬ ಸಂಸ್ಥೆ ಶಿಕಾಗೊ ಮತ್ತು ನ್ಯೂಯಾರ್ಕ್ ವಲಯದ ಮಾರುಕಟ್ಟೆಗಳ ನಡುವೆ ಆದಷ್ಟು ನೇರವಾದ ಹೊಸ ಕೇಬಲ್ ಹೂತದ್ದು ಕೆಲವೇ ಮಿಲಿಸೆಕೆಂಡು ಉಳಿಸುವ ಸಲುವಾಗಿ. ಬೆಟ್ಟ ಕೊರೆದರೂ ಅವರಿಗೆ ಸಿಕ್ಕಿದ್ದು ಅಷ್ಟೇ.

ಪಟ್ಟಿ ನಿಧಾನವಾದರೆ ಬಳಕೆದಾರರು ಗೊಣಗುತ್ತಾರೆ, ಹೆಚ್ಚೇನಿಲ್ಲ. ಇದಕ್ಕಿಂತ ಕೆಟ್ಟದ್ದು ಲಾಕ್‌ಗಳ ವಿಷಯ (ಒಬ್ಬರು ಬದಲಿಸುತ್ತಿರುವ ಸಾಲನ್ನು ಬೇರೆಯವರು ಬದಲಿಸದಂತೆ ತಡೆಯುವುದೇ ಲಾಕ್), ಆದರೆ ಅದರ ಬಗ್ಗೆ ಮಾತನಾಡುವವರು ಕಡಿಮೆ. ಇದೇ ಸಂಸ್ಥೆಯಲ್ಲಿ ರಸೀದಿ ಸಂಖ್ಯೆಗಾಗಿ ಒಂದು ಟೇಬಲ್ಲಿನ ಒಂದೇ ಸಾಲನ್ನು ಎಲ್ಲರೂ ಬಳಸುತ್ತಿದ್ದರು. ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯಬೇಕಾದ ಕೆಲಸಗಳ ಗುಂಪು) ಆರಂಭಿಸುವುದು, ಆ ಸಾಲಿಗೆ ಲಾಕ್ ಹಾಕಿ ಸಂಖ್ಯೆ ಓದುವುದು, ಒಂದು ಕೂಡಿಸಿ ಬರೆಯುವುದು, ರಸೀದಿ ಸೇರಿಸುವುದು, ಕಮಿಟ್ ಮಾಡುವುದು (ಬದಲಾವಣೆ ಖಾಯಂ ಮಾಡಿ ಲಾಕ್ ಬಿಡುವುದು), ಇವೆಲ್ಲವೂ ಒಂದಾದ ಮೇಲೊಂದು ಮುಂಬೈಗೆ ಹೋಗುತ್ತಿದ್ದ ಬೇರೆ ಬೇರೆ ಪ್ರಶ್ನೆಗಳು. ಲಾಕ್ ಬಿದ್ದ ಗಳಿಗೆಯಿಂದ ಕಮಿಟ್ ತಲುಪುವವರೆಗೆ ಮೂರು ಸಲ ಹೋಗಿಬಂದಷ್ಟು ಸಮಯ, ಅಂದರೆ 75 ಮಿಲಿಸೆಕೆಂಡು, ಆ ಸಾಲು ಒಬ್ಬರ ಕೈಯಲ್ಲಿಯೇ ಇರುತ್ತದೆ ಮತ್ತು ಉಳಿದವರೆಲ್ಲ ಸರತಿಯಲ್ಲಿ ನಿಲ್ಲುತ್ತಾರೆ. ಹೀಗಾಗಿ ಇಡೀ ಸಂಸ್ಥೆ ಸೆಕೆಂಡಿಗೆ 13 ರಸೀದಿಗಳಿಗಿಂತ ಹೆಚ್ಚು ಕೊಡಲಾರದು. ಹಳೆಯ ಕೋಣೆಯಲ್ಲಿ ಇದೇ ಮಿತಿ 600ರ ಆಸುಪಾಸಿನಲ್ಲಿತ್ತು. ಇಲ್ಲಿ ಪ್ರೊಸೆಸರ್ ಹೆಚ್ಚಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಪ್ರೊಸೆಸರ್ ಕೂಡ ಸುಮ್ಮನೆ ಕಾಯುತ್ತಿರುತ್ತದೆ.

ಬ್ಯಾಂಡ್‌ವಿಡ್ತ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 50 ಗಿಗಾಬೈಟಿನ ಬ್ಯಾಕಪ್ಪನ್ನು ಕಚೇರಿಗೆ ಇಳಿಸಿಕೊಳ್ಳಲು 100 ಎಂಬಿಪಿಎಸ್‌ನಲ್ಲಿ ಒಂದು ಗಂಟೆಯ ಮೇಲಾಗುತ್ತದೆ, 500ರಲ್ಲಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬೇಕಿರುವುದು ಎರಡು ಅಂಕಣವಾದರೂ ಸ್ಕ್ಯಾನ್ ಮಾಡಿದ ಬಿಲ್ಲುಗಳ ಸಮೇತ ಇಡೀ ಸಾಲನ್ನೇ ತರಿಸಿಕೊಳ್ಳುವ ಅಭ್ಯಾಸವಿದ್ದರೆ ಅಲ್ಲಿಯೂ ಲೈನಿನ ಅಗಲ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಅಗಲ ಪೂರ್ತಿಯಾಗಿ ನಿಮಗೆ ದಕ್ಕುವುದೂ ಲೇಟೆನ್ಸಿ ಬಿಟ್ಟುಕೊಟ್ಟರೆ ಮಾತ್ರ: ಟಿಸಿಪಿ ವಿಂಡೋ, ಅಂದರೆ ತಲುಪಿತೆಂಬ ಉತ್ತರ ಬರುವ ಮೊದಲು ಒಮ್ಮೆಗೆ ಕಳಿಸಬಹುದಾದ ಮಾಹಿತಿಯ ಮಿತಿ, ಹಳೆಯ ಕಾಲದ 64 ಕಿಲೋಬೈಟಿಗೇ ಸಿಕ್ಕಿಕೊಂಡಿದ್ದರೆ, 25 ಮಿಲಿಸೆಕೆಂಡಿನ ದೂರದಲ್ಲಿ ಒಂದು ಕನೆಕ್ಷನ್ನಿಗೆ ಸಿಗುವುದು 21 ಎಂಬಿಪಿಎಸ್, ನೀವು ಕೊಂಡಿರುವುದು ಎಷ್ಟೇ ಆಗಿರಲಿ.

ಆದ್ದರಿಂದ ಹಣ ಕಟ್ಟುವ ಮೊದಲು ಒಂದೇ ಒಂದು ಪರೀಕ್ಷೆ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ ಅನಲೈಜ್ ಎಂಬ ಆದೇಶ ತೋರಿಸುವುದು ಸರ್ವರಿನೊಳಗಿನ ಸಮಯವನ್ನು. ಅದಕ್ಕೆ ಕ್ವೆರಿ ಕಳಿಸುವ ಪಿಎಸ್‌ಕ್ಯೂಎಲ್ ಎಂಬ ಸಾಧನದ ಟೈಮಿಂಗ್ ತೋರಿಸುವುದು ನಿಮ್ಮ ಮೇಜಿನ ಬಳಿಯ ಸಮಯವನ್ನು. ಒಂದು ಸಾಲು ಮರಳಿಸುವ ಕ್ವೆರಿಗೆ ಮೊದಲನೆಯದು 0.2 ಮಿಲಿಸೆಕೆಂಡು ಎಂದೂ ಎರಡನೆಯದು 25 ಎಂದೂ ಬಂದರೆ, ಲೈನಿನ ಮಾರಾಟಗಾರರಿಗೆ ಫೋನ್ ಮಾಡಬೇಡಿ. ನಿಮ್ಮ ಅಪ್ಲಿಕೇಶನ್ ಒಂದು ಪುಟಕ್ಕೆ ಎಷ್ಟು ಸಲ ಡೇಟಾಬೇಸಿನ ಬಾಗಿಲು ತಟ್ಟುತ್ತದೆ ಎಂದು ಎಣಿಸಿ.

ನಾವು ಮಾಡಿದ್ದೂ ಅದನ್ನೇ. 401 ಕ್ವೆರಿಗಳ ಬದಲು ಎರಡು ಟೇಬಲ್ಲುಗಳನ್ನು ಕೂಡಿಸಿ ಒಮ್ಮೆಗೇ ಕೇಳುವ ಒಂದು ಜಾಯಿನ್ ಬಂತು, ರಸೀದಿಯ ಸಂಖ್ಯೆ ಹೆಚ್ಚಿಸಿ ಸಾಲು ಸೇರಿಸುವ ಕೆಲಸವೆಲ್ಲ ಒಂದೇ ಫಂಕ್ಷನ್ನಿನೊಳಗೆ ಡೇಟಾಬೇಸಿನಲ್ಲಿಯೇ ನಡೆಯುವಂತಾಯಿತು, ಪ್ರತಿ ಸಲವೂ ಹೊಸದಾಗಿ ಟಿಎಲ್‌ಎಸ್ (ಗುಪ್ತಲಿಪಿ ಸಂಪರ್ಕದ) ಪರಿಚಯ ಮಾಡಿಕೊಳ್ಳುವುದನ್ನು ತಪ್ಪಿಸಲು ಕನೆಕ್ಷನ್ ಪೂಲ್, ಅಂದರೆ ತೆರೆದೇ ಇರುವ ಸಂಪರ್ಕಗಳ ಗುಂಪು, ಇಟ್ಟೆವು. ಕೊನೆಗೆ, ನನ್ನ ಅಭಿಪ್ರಾಯದಲ್ಲಿ ಮೊದಲ ದಿನವೇ ಮಾಡಬೇಕಿದ್ದಂತೆ, ಅಪ್ಲಿಕೇಶನ್ ಸರ್ವರನ್ನೂ ಮುಂಬೈಗೆ, ಡೇಟಾಬೇಸಿನ ಪಕ್ಕಕ್ಕೇ ಸಾಗಿಸಿದೆವು. ದೂರ ಎಲ್ಲಿಯಾದರೂ ಇರಲೇಬೇಕೆಂದಾದರೆ ಅದು ಬ್ರೌಸರ್ ಮತ್ತು ಅಪ್ಲಿಕೇಶನ್ ನಡುವೆ ಇರಲಿ, ಅಲ್ಲಿ ಒಂದು ಕ್ಲಿಕ್ಕಿಗೆ ಹೋಗಿಬರುವುದು ಒಂದೆರಡು ಸಲ ಮಾತ್ರ. ಪಟ್ಟಿ ಈಗ ಮೊದಲಿನಂತೆ ತೆರೆಯುತ್ತದೆ. 500 ಎಂಬಿಪಿಎಸ್ ಲೈನಿನ ಒಪ್ಪಂದ ಒಂದು ವರ್ಷದ್ದಾದ್ದರಿಂದ ಅದು ಹಾಗೆಯೇ ಉಳಿದಿದೆ. ರಾತ್ರಿಯ ಬ್ಯಾಕಪ್ ಬೇಗ ಇಳಿಯುತ್ತಿದೆ.