ರಿಪೋರ್ಟಿನಲ್ಲಿ ಸಾವಿನ ತಾರೀಕು ಇರುವುದಿಲ್ಲ

ನಮಸ್ಕಾರ. ಹೃದಯದ ಎಕೋ ಎಂಬ ಸ್ಕ್ಯಾನ್ ಪರೀಕ್ಷೆಯ ಕುರಿತು ಕಳೆದ ವಾರ ಮಾಡಿದ ಸಂಚಿಕೆಯನ್ನು ನೋಡಿ ಸೋಮವಾರಪೇಟೆ ಕಡೆಯ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಸಾರ್, ತಂದೆಯವರ ಎನ್‌ಟಿ-ಪ್ರೊಬಿಎನ್‌ಪಿ 5200 ಬಂದಿದೆ. ಇನ್ನೆಷ್ಟು ತಿಂಗಳು ಎಂದು ಹೇಳಿದರೆ ಅಣ್ಣತಮ್ಮಂದಿರಿಗೆ ತಿಳಿಸಬಹುದು." ಅದಕ್ಕೆ ಇನ್ನೊಬ್ಬ ಮಹನೀಯರು, ತಮ್ಮನ್ನು ಯಾರೂ ಕೇಳದಿದ್ದರೂ, "ಆರು ತಿಂಗಳು" ಎಂದು ಉತ್ತರ ಕೊಟ್ಟಿದ್ದಾರೆ. ಮುಂದಿನ ವರ್ಷದ ಕಾಳುಮೆಣಸಿನ ದರವನ್ನು ಈಗಲೇ ಹೇಳುವವರ ಧೈರ್ಯ ಅವರದು.

ನಾನು ಇಂದು ಹೇಳಬೇಕಾದದ್ದು ಒಂದೇ ಮಾತು. ಎನ್‌ಟಿ-ಪ್ರೊಬಿಎನ್‌ಪಿ ಎಂಬುದು ಹೃದಯ ವೈಫಲ್ಯ, ಅಂದರೆ ಹೃದಯ ಸಾಕಷ್ಟು ರಕ್ತ ತಳ್ಳಲಾರದೆ ಸೋಲುವುದು, ಇದೆಯೇ ಎಂದು ತಿಳಿಯಲು ಮಾಡುವ ರಕ್ತಪರೀಕ್ಷೆ. ಆ ಅಂಕಿ ಹೃದಯದ ಮೇಲೆ ಇಂದು ಎಷ್ಟು ಹೊರೆ ಬಿದ್ದಿದೆ ಎಂಬುದನ್ನು ತಿಳಿಸುತ್ತದೆ. ಸಾವಿನ ತಾರೀಕನ್ನು ತಿಳಿಸುವುದಿಲ್ಲ.

ಹೃದಯದ ಕೆಳಕೋಣೆಯ ಗೋಡೆ ಒತ್ತಡಕ್ಕೆ ಸಿಕ್ಕಿ ಹಿಗ್ಗಿದಾಗ ಅಲ್ಲಿನ ಜೀವಕೋಶಗಳು ಒಂದು ಪ್ರೋಟೀನನ್ನು ಹೊರಬಿಡುತ್ತವೆ. ಅದು ಎರಡು ತುಂಡಾಗುತ್ತದೆ. ಬಿಎನ್‌ಪಿ ಎಂಬ ತುಂಡು ಉಪ್ಪನ್ನೂ ನೀರನ್ನೂ ಹೊರಹಾಕುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಎನ್‌ಟಿ-ಪ್ರೊಬಿಎನ್‌ಪಿ ಎಂಬ ಇನ್ನೊಂದು ತುಂಡು ಕೆಲಸವಿಲ್ಲದಿದ್ದರೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯುವುದಕ್ಕೆ ಅನುಕೂಲ. ಬಿಎನ್‌ಪಿಯನ್ನು 1988ರಲ್ಲಿ ಜಪಾನಿನ ವಿಜ್ಞಾನಿಗಳು ಮೊದಲು ಕಂಡದ್ದು ಹಂದಿಯ ಮಿದುಳಿನಲ್ಲಿ. ಹಂದಿಯ ವಿಷಯದಲ್ಲಿ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆವು. ಹಂದಿ ಸಾರಿಗೆ ಕಾಚಂಪುಳಿ ಎಂಬ ನಮ್ಮ ಹುಳಿ ಹಾಕುವ ಆತುರದಲ್ಲಿ ಇದೊಂದು ನಮ್ಮ ಕಣ್ಣು ತಪ್ಪಿತು.

ನಮ್ಮ ತೋಟಗಳಲ್ಲಿ ಮಳೆಮಾಪಕವಿರುತ್ತದೆ. ಬೆಳಿಗ್ಗೆ ಅದನ್ನು ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತೇವೆ. ಐದು ಇಂಚು ಬಂತೆಂದರೆ ಎಚ್ಚರ ಬೇಕು, ನಿಜ. ಆದರೆ 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಒಂದೇ ಮಳೆ ನೆನೆಸಿದ ಎರಡು ಗುಡ್ಡಗಳಲ್ಲಿ ಒಂದು ಜರಿಯಿತು, ಪಕ್ಕದ್ದು ನಿಂತಿತು. ಮಣ್ಣು, ಇಳಿಜಾರು, ನೀರು ಹರಿಯುವ ದಾರಿ, ಗುಡ್ಡ ಕಡಿದು ಮಾಡಿದ ರಸ್ತೆ ಇವೆಲ್ಲ ಸೇರಿ ಆದ ಅನಾಹುತವದು. 5200 ಎಂಬುದೂ ಮಾಪಕದ ಅಂಕಿಯೇ. ವಯಸ್ಸಾದಂತೆ ಅದು ಏರುತ್ತದೆ, ಮೂತ್ರಪಿಂಡ ಸೋತರೆ ಏರುತ್ತದೆ, ಹೃದಯದ ಬಡಿತ ತಾಳ ತಪ್ಪಿದರೆ ಏರುತ್ತದೆ. ಬೊಜ್ಜಿನವರಲ್ಲಿ ಹೃದಯ ಸೋತಿದ್ದರೂ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಏಕಾಏಕಿ ಉಸಿರಾಟದ ತೊಂದರೆಯಾಗಿ ಬಂದವರಲ್ಲಿ ಇದು 300ಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಡಿಮೆ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಹೌದೆಂದು ಹೇಳುವುದಕ್ಕೆ ಐವತ್ತರೊಳಗಿನವರಿಗೆ 450, ಎಪ್ಪತ್ತೈದು ದಾಟಿದವರಿಗೆ 1800 ಎಂಬ ಬೇರೆ ಬೇರೆ ಗಡಿಗಳಿವೆ. ಗಡಿಯೇ ವಯಸ್ಸಿನ ಮೇಲೆ ಬದಲಾಗುವಾಗ ಆ ಆರು ತಿಂಗಳು ಯಾವ ಲೆಕ್ಕದಿಂದ ಬಂತು ಸ್ವಾಮಿ?

ನಮ್ಮ ದೊಡ್ಡಪ್ಪನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವರ ಕಾಲು ಗಂಬೂಟಿನೊಳಗೆ ಹೋಗಲಿಲ್ಲ. ಬೂಟು ಕುಗ್ಗಿದೆ ಎಂದು ಅಂಗಡಿಯವನಿಗೆ ಬೈದು ದೊಡ್ಡ ಅಳತೆಯದನ್ನು ತಂದರು. ಹದಿನೈದು ದಿನದಲ್ಲಿ ಅದೂ ಬಿಗಿಯಾಯಿತು. ರಾತ್ರಿ ಮೂರು ದಿಂಬಿಟ್ಟುಕೊಂಡು ಕುಳಿತೇ ನಿದ್ದೆ. ರಕ್ತ ಕೊಟ್ಟರೆ 4800 ಬಂತು, ಪಕ್ಕದಲ್ಲಿ ಕೆಂಪು ನಕ್ಷತ್ರ. ಲ್ಯಾಬಿನವರು ಅರ್ಥ ಹೇಳದೆ ಆ ಕಾಗದವನ್ನು ನೇರವಾಗಿ ಮೊಬೈಲಿಗೆ ಕಳಿಸಿದ್ದರಿಂದ ವೈದ್ಯರಿಗಿಂತ ಮೊದಲು ಅದನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಓದಿತು. ಸಂಜೆಯೊಳಗೆ ಬೆಂಗಳೂರಿನಿಂದ ಇಬ್ಬರು ಹೊರಟರು, ವಂಶದಿಂದ ಬಂದ ಜಮ್ಮಾ ಜಮೀನಿನ ಹಳೆಯ ಕಾಗದಗಳು ಪೆಟ್ಟಿಗೆಯಿಂದ ಹೊರಬಂದವು. ದೊಡ್ಡಪ್ಪ ಜಗಲಿಯಲ್ಲಿ ಕುಳಿತು, "ನನ್ನ ತಿಥಿಗೆ ಬಂದಿರೋ, ನನ್ನನ್ನು ನೋಡಲು ಬಂದಿರೋ?" ಎಂದು ಕೇಳಿದರು. ಔಷಧ ಹೊಂದಿಸಿ, ಉಪ್ಪಿನಕಾಯಿ ಬಿಡಿಸಿ, ಎರಡು ತಿಂಗಳ ನಂತರ ನೋಡಿದರೆ 1900. ರಕ್ತ ಅದೇ, ಮನುಷ್ಯರೂ ಅವರೇ. 4800 ತೀರ್ಪಾಗಿದ್ದರೆ ಅದು ಇಳಿದದ್ದು ಹೇಗೆ?

ಈಗ ಪಂಡಿತರ ಆಕ್ಷೇಪಣೆಗೆ ಬರೋಣ. ಅಂಕಿ ಹೆಚ್ಚಿದ್ದವರು ಹೆಚ್ಚು ಸಾಯುತ್ತಾರೆಂದು ಅಧ್ಯಯನಗಳು ಹೇಳುವುದಿಲ್ಲವೇ ಎನ್ನುತ್ತಾರೆ. ಹೇಳುತ್ತವೆ, ಗುಂಪಿನ ಬಗ್ಗೆ ಹೇಳುತ್ತವೆ. ಸಾವಿರ ಜನರಲ್ಲಿ ಎಷ್ಟು ಮಂದಿ ಎಂಬುದು ಅಧ್ಯಯನದ ಮಾತು. ಆ ಸಾವಿರದಲ್ಲಿ ನಿಮ್ಮ ತಂದೆ ಎಷ್ಟನೆಯವರು ಎಂಬುದು ಕಣಿ ಹೇಳುವವರ ಮಾತು. ಹೃದಯ ವೈಫಲ್ಯದವರ ಸಾವಿನ ಸಾಧ್ಯತೆಯನ್ನು ಅಂದಾಜಿಸಲು 2013ರಲ್ಲಿ ಪ್ರಕಟವಾದ ಮ್ಯಾಗಿಕ್ ಎಂಬ ಲೆಕ್ಕಾಚಾರವನ್ನು 39,372 ರೋಗಿಗಳ ಮಾಹಿತಿಯಿಂದ ಕಟ್ಟಿದರು. ಅದರಲ್ಲಿ ವಯಸ್ಸು, ರಕ್ತದೊತ್ತಡ, ಮಧುಮೇಹ, ಧೂಮಪಾನ ಮುಂತಾದ ಹದಿಮೂರು ಅಂಶಗಳಿವೆ, ಈ ಬಿಎನ್‌ಪಿ ಮಾತ್ರ ಇಲ್ಲ. ಅಂಕಿಯನ್ನೇ ಬೆನ್ನಟ್ಟಿ ಔಷಧ ಕೊಟ್ಟರೆ ಹೇಗೆ ಎಂದು ಅಮೆರಿಕದವರು ಗೈಡ್-ಇಟ್ ಪ್ರಯೋಗದಲ್ಲಿ 894 ಜನರ ಮೇಲೆ ನೋಡಿದರು. ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣದೆ ಅದನ್ನು ಮಧ್ಯದಲ್ಲೇ ನಿಲ್ಲಿಸಿದರು. ಆದರೆ 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ ಎರಡೇ ವಾರದಲ್ಲಿ ಔಷಧಗಳನ್ನು ಪೂರ್ಣ ಪ್ರಮಾಣಕ್ಕೇರಿಸಿ, ಮತ್ತೆ ಮತ್ತೆ ಕರೆದು ನೋಡಿದರು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲಾತಿ ಕಂಡವರು ಮಾಮೂಲಿ ಗುಂಪಿನಲ್ಲಿ ಶೇ. 23.3, ಈ ಗುಂಪಿನಲ್ಲಿ ಶೇ. 15.2. ಅಲ್ಲಿಯೂ ರಕ್ತದಲ್ಲಿ ಈ ಅಂಕಿಯನ್ನು ನೋಡಿದರು, ಔಷಧ ಏರಿಸುವ ಮುಂದಿನ ಹೆಜ್ಜೆ ಇಡಬಹುದೇ ಎಂದು ತಿಳಿಯುವುದಕ್ಕೆ ನೋಡಿದರು.

"ಮೊದಲೇ ಗೊತ್ತಾದರೆ ಆಸ್ತಿ ವ್ಯವಸ್ಥೆಯಾದರೂ ಮಾಡಬಹುದಲ್ಲ" ಎಂದು ಮತ್ತೊಬ್ಬರು ಬರೆದಿದ್ದಾರೆ. ಆಸ್ತಿಗೆ ವಕೀಲರಿದ್ದಾರೆ, ಅವರು ಎನ್‌ಟಿ-ಪ್ರೊಬಿಎನ್‌ಪಿ ಕೇಳುವುದಿಲ್ಲ. ಚಾನೆಲ್‌ಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ. ಆದವರು ಆ ಗುಂಡಿಯನ್ನು ಮತ್ತೊಮ್ಮೆ ಒತ್ತಬೇಡಿ, ಹೋದ ವಾರ ಹಾಗೆಯೇ ನಾಲ್ವರು ಕಳೆದುಹೋದರು. ಈ ಭಾನುವಾರ ಗೋಣಿಕೊಪ್ಪದ ಸಂತೆಯಲ್ಲಿರುತ್ತೇನೆ, ರಿಪೋರ್ಟು ಹಿಡಿದು ಬರುವವರು ಹಳೆಯ ರಿಪೋರ್ಟನ್ನೂ ತನ್ನಿ, ಒಂದೇ ಕಾಗದ ತಂದರೆ ಓದುವುದಿಲ್ಲ. ಓದಿ ಹೇಳುತ್ತೇನೆ ಅಷ್ಟೆ, ಔಷಧ ವೈದ್ಯರದು.

ಒಂದೇ ಕಾಗದ ಏಕೆ ಸಾಲದೆಂದು ಇನ್ನೂ ಕೇಳುವವರಿದ್ದೀರಾ? ಹೂಮಳೆ ಬಿದ್ದ ಮರುದಿನವೇ ಕಾಫಿ ಫಸಲಿನ ದುಡ್ಡು ಎಣಿಸುವವರು ನೀವು, ನಿಮಗೆ ಹೇಳಿ ಪ್ರಯೋಜನವಿಲ್ಲ. ಅದು ತಾರೀಕಲ್ಲ, ತಾರೀಕಲ್ಲ, ತಾರೀಕಲ್ಲ. ದೊಡ್ಡಪ್ಪ ಈಗ ದಿನಾ ಬೆಳಿಗ್ಗೆ ಕಾಫಿ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲುತ್ತಾರೆ, ಮಳೆಲೆಕ್ಕದ ಪುಸ್ತಕದಲ್ಲೇ ತಮ್ಮ ತೂಕವನ್ನೂ ಬರೆಯುತ್ತಾರೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ನಿಂತಿದೆಯೆಂದು ವೈದ್ಯರಿಗೆ ಫೋನು. ಖರ್ಚಿಲ್ಲ, ಕೆಂಪು ನಕ್ಷತ್ರವೂ ಇಲ್ಲ.

ಸೋಮವಾರಪೇಟೆಯ ಸಹೋದರರಿಗೆ ನಾನು ಕಳಿಸಿದ ಉತ್ತರ ಒಂದೇ ಸಾಲಿನದು: ಇವತ್ತು ಬೆಳಿಗ್ಗೆ ತಂದೆಯವರ ತೂಕ ಎಷ್ಟಿತ್ತು, ನಿನ್ನೆ ಎಷ್ಟಿತ್ತು? ಇದನ್ನು ಚಿತ್ರೀಕರಿಸುವ ಹೊತ್ತಿಗೆ ಅವರಿಂದ ಉತ್ತರ ಬಂದಿಲ್ಲ. ಆರು ತಿಂಗಳು ಎಂದವರು ಮಾತ್ರ ಅದಕ್ಕೂ ಕೈಮುಗಿದ ಚಿತ್ರವೊಂದನ್ನು ಹಾಕಿದ್ದಾರೆ.