ಮೊದಲು ಕಿವಿ, ಆಮೇಲೆ ದನಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆಂದು ನಾಟಕದ ತಾಲೀಮು ನಡೆಸುತ್ತಿರುವ ತರುಣರನ್ನು ನೆನೆದು ಈ ಮಾತುಗಳನ್ನು ಬರೆದಿದ್ದೇನೆ. ನಟನಾಗಬೇಕೆನ್ನುವವನು ಮೊದಲು ಕಿವಿಗೊಡಲು ಕಲಿಯಬೇಕು. ಅದನ್ನು ಕಲಿಯದೆ ಕಂದಪದ್ಯ, ಮಾತು ಬಾಯಿಪಾಠ ಮಾಡಿ ಗಂಟಲು ಹರಿಯುವಂತೆ ಕೂಗುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಕಿವಿಗೊಡಲು ಕಲಿತ ನಟನೆಂದರೆ ನನಗೆ ನೆನಪಾಗುವವರು ಹಿಂದಿ ಚಿತ್ರನಟ ಬಲರಾಜ್ ಸಾಹ್ನಿ. ಅವರು 1913ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದರು. ಶಾಂತಿನಿಕೇತನದಲ್ಲಿ ಪಾಠ ಹೇಳಿದ ಅವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಹಿಂದಿ ಉದ್ಘೋಷಕರಾಗಿದ್ದರು. ಮರಳಿ ಬಂದು ಮುಂಬಯಿಯಲ್ಲಿ ಇಪ್ಟಾ ಎಂಬ ಭಾರತೀಯ ಜನನಾಟ್ಯ ಸಂಘದ ರಂಗಭೂಮಿಗೆ ಇಳಿದರು.

1953ರಲ್ಲಿ ತೆರೆ ಕಂಡ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಚಿತ್ರದಲ್ಲಿ ಅವರದು ರೈತ ಶಂಭುವಿನ ಪಾತ್ರ. ಬಂಗಾಳದ ಎರಡು ಬಿಘಾ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 26 ಗುಂಟೆ. ಅಷ್ಟು ಹೊಲ ಉಳಿಸಿಕೊಳ್ಳಲು ಆತ ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುತ್ತಾನೆ. ತೊಗರಿ ಕೈಕೊಟ್ಟ ವರ್ಷ ಗುಳೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪಾತ್ರಕ್ಕಾಗಿ ಸಾಹ್ನಿಯವರು ಮುಂಬಯಿಯ ಜೋಗೇಶ್ವರಿಯಲ್ಲಿ ಎಮ್ಮೆ ಸಾಕುತ್ತಿದ್ದ ಉತ್ತರ ಭಾರತದ ಕೂಲಿಕಾರರ ನಡುವೆ ಕುಳಿತು, ಅವರು ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿಕೊಳ್ಳುವ ಬಗೆಯನ್ನು ಸಹ ಗಮನಿಸಿದರು. ಆದರೂ ಕಲ್ಕತ್ತೆಯ ಬೀದಿಯಲ್ಲಿ ರಿಕ್ಷಾ ಎಳೆಯುವಾಗ, ಓದು ಕಲಿತ ತನಗೆ ಈ ಪಾತ್ರ ಒಗ್ಗದೆಂದು ಎದೆಗುಂದಿ ಕುಳಿತುಬಿಟ್ಟರು. ಆಗ ಬಿಹಾರದ ನಡುವಯಸ್ಸಿನ ರಿಕ್ಷಾವಾಲಾ ಒಬ್ಬ ಹತ್ತಿರ ಬಂದು, ಇದೇನು ನಡೆದಿದೆ ಎಂದು ವಿಚಾರಿಸಿದ. ಸಾಹ್ನಿಯವರು ಚಿತ್ರದ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಆತನ ಕಣ್ಣು ತುಂಬಿ ಬಂದವು; ಆತನ ಹೊಲವೂ ಜಮೀನ್ದಾರನಲ್ಲಿ ಅಡವಿತ್ತು, ಅದನ್ನು ಬಿಡಿಸಿಕೊಳ್ಳಲೆಂದೇ ವರ್ಷಗಟ್ಟಲೆ ರಿಕ್ಷಾ ಎಳೆಯುತ್ತಿದ್ದ. ಇದು ತನ್ನದೇ ಕಥೆ ಎಂದು ಹೇಳುತ್ತ ಆತ ಹೊರಟುಹೋದ. ಅಂದಿನಿಂದ ಸಾಹ್ನಿಯವರು ಅಭಿನಯದ ಸಿದ್ಧಾಂತಗಳನ್ನೆಲ್ಲ ಬದಿಗಿಟ್ಟು ಆ ಮನುಷ್ಯನನ್ನೇ ಮನಸ್ಸಿನಲ್ಲಿ ಇರಿಸಿಕೊಂಡರು. ಕಿವಿಗೊಡುವುದೆಂದರೆ ಇದು.

ಕಥೆ ಹೇಳುವುದರಲ್ಲಿಯೇ ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ. ರಾಜಕೀಯ ಕಾರಣಕ್ಕೆ ಬಂಧನದಲ್ಲಿದ್ದಾಗ ಜೈಲಿನಿಂದಲೇ ಚಿತ್ರೀಕರಣಕ್ಕೆ ಬಂದು, ಅಲ್ಲಿ ಜೈಲರನ ಪಾತ್ರ ಮಾಡಿದ ಪ್ರಸಂಗವನ್ನಾಗಲಿ, 1961ರ 'ಕಾಬೂಲಿವಾಲಾ'ವನ್ನಾಗಲಿ ವಿವರಿಸಲು ಈಗ ಆಗದು. 'ಗರಂ ಹವಾ' ಚಿತ್ರದಲ್ಲಿ ಅವರು ಆಗ್ರಾದ ಪಾದರಕ್ಷೆ ತಯಾರಕ ಸಲೀಂ ಮಿರ್ಜಾ ಆದರು. ದೇಶ ವಿಭಜನೆಯಿಂದ ಮನೆಮಂದಿ ಒಬ್ಬೊಬ್ಬರಾಗಿ ಹೊರಟಾಗ ಆ ಮುದುಕ ಒಮ್ಮೆಯೂ ದನಿ ಏರಿಸುವುದಿಲ್ಲ. ಆ ಪಾತ್ರಕ್ಕೆ ಕಂಠದಾನ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ಸಾಹ್ನಿಯವರು ತೀರಿಕೊಂಡರು. ಚಿತ್ರ ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನಲ್ಲಿ.